ಬಾಗಿಲ ಪಕ್ಕದ ಬೆಂಚು

ವೈನಿಯ ಪಾಠ ಕೆಟ್ಟುಹೋಗಲಿ ಎಂದು ತನಗೆ ಅನ್ನಿಸಿದ್ದು ನಿಜವೇ, ಅಥವಾ ರೊಟ್ಟಿ ಬಡಿಯುವ ಭರದಲ್ಲಿ ಸುಮ್ಮನೆ ಬಂದುಹೋದ ಮಾತೇ ಎಂದು ಪವಿ ತನ್ನನ್ನು ತಾನೇ ಕೇಳಿಕೊಂಡಳು. ಕೇಳಿಕೊಂಡು, ನಿಜವೇ ಎಂದು ಒಪ್ಪಿಕೊಂಡಳು. ದೊಡ್ಡದಾಗಿ ಏನೂ ಕೆಡುವುದು ಬೇಡ. ಮೈಕು ಒಂದು ಗಳಿಗೆ ಕೈಕೊಡುವಷ್ಟು, ನಾಲಿಗೆ ಒಂದು ಸಲ ತಡವರಿಸುವಷ್ಟು ಕೆಟ್ಟರೆ ಸಾಕು. ಇಂಥದ್ದನ್ನು ಯಾವ ದೇವರ ಮುಂದೆ ಬೇಡಿಕೊಳ್ಳಬೇಕೆಂದು ಗೊತ್ತಾಗದೆ ಅವಳು ಹಿಟ್ಟಿನ ಮುಂದೆಯೇ ಬೇಡಿಕೊಂಡಿದ್ದಳು.

ವೈನಿ ಎಂದರೆ ಅಣ್ಣ ಪ್ರವೀಣಕುಮಾರನ ಹೆಂಡತಿ, ಮೈಸೂರಿನ ಇಳಾ. ಜರ್ಮನಿಯ ಗಾರ್ಕಿಂಗ್‌ನ ಕ್ಯಾಂಪಸ್ಸಿನಲ್ಲಿ ಕೆಮಿಸ್ಟ್ರಿ ಸಂಶೋಧನೆ ಮಾಡಿಕೊಂಡಿದ್ದವಳಿಗೆ ಈ ಸೆಮಿಸ್ಟರಿನಲ್ಲಿ ಮೊದಲ ವರ್ಷದ ಹುಡುಗರಿಗೆ ಪಾಠ ಹೇಳುವ ಕೆಲಸವೂ ಬಂದಿತ್ತು. ಪಾಠ ಹೇಳಬೇಕಾಗಿದ್ದ ಪ್ರೊಫೆಸರು ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಮಲಗಿದ್ದರು. ಅದೇ ಹೊತ್ತಿಗೆ ನಾಲ್ಕು ವರ್ಷದ ಮಗಳು ಧೃತಿಯ ಕೀಟಾದಲ್ಲಿ, ಅಂದರೆ ಇಲ್ಲಿನ ಶಿಶುವಿಹಾರದಲ್ಲಿ, ಟೀಚರುಗಳು ಸಾಲದೆ ಮಕ್ಕಳನ್ನು ಮಧ್ಯಾಹ್ನಕ್ಕೇ ಮನೆಗೆ ಕಳಿಸತೊಡಗಿದರು. ಮಗು ನೋಡಿಕೊಳ್ಳಲು ಗದಗಿನಿಂದ ಅವ್ವ ಮಹಾಂತಮ್ಮ ಬಂದಳು. ಅವ್ವ ಒಬ್ಬಳೇ ವಿಮಾನ ಹತ್ತುವವಳಲ್ಲ, ಹಾಗಾಗಿ ಪವಿಯೂ ಬಂದಳು. ಎಂ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತ ಹುಡುಗಿ, ಅವಳಿಗೇನು ಕೆಲಸ ಎಂದು ಎಲ್ಲರೂ ಸೇರಿ ತೀರ್ಮಾನಿಸಿದ್ದರು. ಆ ಎಂ.ಎಸ್ಸಿ.ಯೂ ಕೆಮಿಸ್ಟ್ರಿಯದೇ ಎಂಬುದು ಯಾರ ಬಾಯಿಂದಲೂ ಬರಲಿಲ್ಲ. ಅದನ್ನು ಎತ್ತಿ ಆಡುವಷ್ಟು ಮಾತುಗಾತಿ ಪವಿಯೂ ಅಲ್ಲ.

"ಪವೀ, ತೆಳ್ಳನ್ನ ರೊಟ್ಟಿ ಇಳಾಗ ತಗದಿಡು. ದಪ್ಪನ್ನು ನಾವು ತಿನ್ನೂಣು," ಎಂದಳು ಮಹಾಂತಮ್ಮ, ಬಾದಾಮಿ ಹಾಲು ತಿರುವುತ್ತ.

"ಎಲ್ಲಾ ತೆಳ್ಳಗನ ಅದಾವವ್ವಾ."

"ಹಂಗಾರ ಬಿಸೀದು ತಗದಿಡು. ಪಾಪ, ತಾಸುಗಟ್ಟಲೆ ನಿಂತು ಮಾತಾಡಬೇಕು ಅಕಿ. ಕಾಲು ಬಾಯ್ತಾವ."

ಎರಡು ವರ್ಷ ಧಾರವಾಡದ ಲ್ಯಾಬಿನಲ್ಲಿ ನಿಂತು ಪವಿಯ ಕಾಲೂ ಬಾತಿದ್ದವು. ಆಗ ಅವ್ವ ಅಂದದ್ದು, "ಅಷ್ಟು ಓದಂತ ಯಾರ್ ಹೇಳ್ಯಾರ ನಿನಗ?" ಪದವಿ ಕೊಡುವ ದಿನ ಅವ್ವ ಬಾಗಲಕೋಟೆಯಲ್ಲಿದ್ದಳು. ಸೋದರಸೊಸೆಯ ಕುಬಸ, ಅಂದರೆ ಸೀಮಂತ, ಇತ್ತು. "ಚೊಚ್ಚಲ ಕುಬಸ ಒಮ್ಮೆ ಆಕ್ಕತಿ. ನಿನ್ನ ಕಾಗದ ಪೋಸ್ಟಿನ್ಯಾಗೂ ಬರ್ತೈತಿ," ಎಂದು ಹೇಳಿ ಬಸ್ಸು ಹತ್ತಿದ್ದಳು. ಪವಿ ಗೌನು ಬಾಡಿಗೆಗೆ ತೊಟ್ಟು, ಗೆಳತಿಯ ತಾಯಿಯ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡಿದ್ದಳು.

ಈಗ ಅದೇ ಅವ್ವ ಸೊಸೆಯ ಪಾಠಕ್ಕೆ ಹೋಗಲೆಂದು ಇಳಕಲ್ ಸೀರೆಯನ್ನು ವಾರ ಮೊದಲೇ ಇಸ್ತ್ರಿ ಮಾಡಿ ತೂಗುಹಾಕಿದ್ದಳು. ಇಲ್ಲಿನ ಕಾಲೇಜಿನಲ್ಲಿ ಯಾರು ಬೇಕಾದರೂ ಹಿಂದೆ ಬಂದು ಕೂರಬಹುದಂತೆ. "ಬನ್ನಿ ಅತ್ತೆ, ನಾನು ಏನು ಮಾಡ್ತೀನಿ ಅಂತ ಒಂದ್ಸಲ ನೋಡಿ," ಎಂದು ಇಳಾ ಕರೆದಿದ್ದಳು. ಪಾಠ ಇರುವ ದಿನ ಧೃತಿಯ ಕೀಟಾ ಪೂರ್ತಿ ಬಂದ್ ಆದ್ದರಿಂದ ಧೃತಿಯೂ ಹೋಗಬೇಕು, ಧೃತಿಯ ಹಿಂದೆ ಪವಿಯೂ ಹೋಗಬೇಕು.

ಅರಿಷಿಣದ ಕಥೆ ನಡೆದದ್ದು ಅದಕ್ಕೂ ಕೆಲವು ದಿನ ಮೊದಲು.

ಒಂದು ಮಧ್ಯಾಹ್ನ ಧೃತಿ ಬೇಜಾರು ಬೇಜಾರು ಎಂದು ಸೋಫಾದ ಮೇಲೆ ಹೊರಳಾಡುತ್ತಿದ್ದಳು. ಪವಿ ಒಂದು ತಟ್ಟೆಯಲ್ಲಿ ಅರಿಷಿಣ ಕಲಸಿ, ಅಡುಗೆಮನೆಯ ಪೇಪರ್ ಟವೆಲ್ಲನ್ನು ಅದರಲ್ಲಿ ಅದ್ದಿ ಹೀಟರಿನ ಮೇಲೆ ಒಣಗಿಸಿದಳು. ಬಟ್ಟೆ ಒಗೆಯುವ ಸೋಡಾ ಕದಡಿದ ನೀರಿನಲ್ಲಿ ಮಗುವಿನ ಬೆರಳು ಅದ್ದಿಸಿ, "ಈಗ ಬರಿ," ಎಂದಳು. ಹಳದಿಯ ಮೇಲೆ ಬೆರಳು ಹೋದಲ್ಲೆಲ್ಲ ಕೆಂಪು ಗೆರೆ ಎದ್ದಿತು. ಧೃತಿ ಉಸಿರು ಬಿಗಿಹಿಡಿದು ನೋಡಿದಳು.

"ಬ್ಲೂಟ್?"

"ರಕ್ತ ಅಲ್ಲ ಪುಟ್ಟಿ, ಕುಂಕುಮ. ಈಗ ನೋಡು." ಪವಿ ಮೇಲೆ ಒಂದು ಹನಿ ವಿನೆಗರ್ ಬಿಟ್ಟಳು. ಕೆಂಪು ಕರಗಿ ಮತ್ತೆ ಹಳದಿಯಾಯಿತು.

"ನೋಖ್‌ಮಾಲ್! ನೋಖ್‌ಮಾಲ್, ಪವಿ ಅತ್ತೆ!" ಎಂದು ಮಗು ಕುಣಿಯಿತು. ಇನ್ನೊಮ್ಮೆ, ಮತ್ತೊಮ್ಮೆ.

"ಎದಕ್ಕ ಹಾಳು ಮಾಡ್ತಿ ಅರಿಷಿಣಾನ?" ಎಂದು ಮಹಾಂತಮ್ಮ ಒಳಗಿನಿಂದ ಗದರಿದಳು. "ಊರಿಂದ ಹೊತ್ತುಕೊಂಡು ಬಂದೇನಿ. ಬೇಳಿಗೆ ಹಾಕೂದು ಬಿಟ್ಟು ಕಾಗದಕ್ಕ ಬಳ್ಯಾಕತ್ತಾಳ. ದೊಡ್ಡಾಕಿಗೂ ಬುದ್ಧಿ ಇಲ್ಲ, ಸಣ್ಣಾಕಿಗೂ ಇಲ್ಲ."

ಆಗಷ್ಟೇ ಬಾಗಿಲು ತೆರೆದು ಬಂದ ಇಳಾ, ಕೋಟು ಕಳಚುವುದನ್ನೂ ಮರೆತು ಅಡುಗೆಮನೆಯ ಹೊಸ್ತಿಲಲ್ಲಿ ನಿಂತುಬಿಟ್ಟಳು. "ಪವಿ, ಇದು ಎಷ್ಟು ಚೆನ್ನಾಗಿದೆ! ಮುಂದಿನ ಪಾಠ ಆಸಿಡ್ಡು ಬೇಸು. ಹುಡುಗರು ಲಿಟ್ಮಸ್ ನೋಡಿ ನೋಡಿ ಆಕಳಿಸ್ತಾರೆ. ಇದನ್ನ ನಾನು ತಗೊಳ್ಳಾ?"

"ತಗೋರಿ ವೈನಿ," ಎಂದಳು ಪವಿ. ಏನನ್ನು ಕೊಡುತ್ತಿದ್ದೇನೆಂದು ಆಗ ಅವಳಿಗೆ ಹೊಳೆಯಲಿಲ್ಲ. ತಾನು ಮಾಡಿದ್ದನ್ನು ಆ ಮನೆಯಲ್ಲಿ ಒಬ್ಬರು ಚೆನ್ನಾಗಿದೆ ಎಂದರಲ್ಲ, ಅಷ್ಟಕ್ಕೇ ಮುಖ ಬಿಸಿಯಾಗಿತ್ತು.

ಇಳಾ ಎಲ್ಲವನ್ನೂ ದೊಡ್ಡದಾಗಿ ಮಾಡುವವಳು. ಕಾಗದ ಬೇಡ, ಹಿಂದಿನ ಬೆಂಚಿಗೂ ಕಾಣಬೇಕು, ಇಡೀ ಬೆಡ್‌ಶೀಟನ್ನೇ ಅದ್ದೋಣ ಎಂದಳು. ಆದರೆ ಅವಳಿಗೆ ಪಾಠ ಬರೆದುಕೊಳ್ಳುವುದಿತ್ತು. ಪವಿಯೇ ಬಾತ್‌ಟಬ್ಬಿನಲ್ಲಿ ನೀರು ತುಂಬಿಸಿ, ಅರಿಷಿಣ ಕದಡಿ, ಡಬಲ್ ಬೆಡ್‌ಶೀಟನ್ನು ಎರಡು ಸಲ ಅದ್ದಿ, ಹಿಂಡಿ, ಬಾಲ್ಕನಿಯಲ್ಲಿ ಹರವದೆ ಒಳಗೆ ನೆರಳಿನಲ್ಲೇ ಒಣಗಿಸಿದಳು. ಬಿಸಿಲು ತಾಗಿದರೆ ಬಣ್ಣ ಓಡುತ್ತದೆಂದು ಅವಳಿಗೆ ಗೊತ್ತಿತ್ತು. ಮೊಣಕೈವರೆಗೂ ಹಳದಿಯಾಯಿತು.

"ನೋಡ್ರಿ, ಮದುವಿ ಹೆಣ್ಣಿನ ಕೈ ಆಗ್ಯಾವ," ಎಂದು ಮಹಾಂತಮ್ಮ ನಕ್ಕಳು. "ಗಂಡು ಇಲ್ಲದನ ಅರಿಷಿಣಾ ಹಚ್ಚಿಕೊಂಡಾಳ ನನ್ನ ಮಗಳು."

ಸಂಜೆ ಆಫೀಸಿನಿಂದ ಬಂದ ಪ್ರವೀಣ ಸ್ನಾನಕ್ಕೆ ಹೋದವನು ಟವೆಲ್ಲಿನಲ್ಲೇ ಹೊರಗೆ ಬಂದ. "ಬಾತ್‌ಟಬ್ ಏನಾತು? ಯಾರ್ ಮಾಡಿದ್ದು ಇದನ್ನ? ಮನಿ ಬಿಡೂವಾಗ ಫೆರ್ಮೀಟರ್ ಏನಂತಾನ ಗೊತ್ತೈತಿ? ಇಲ್ಲಿ ಮನಿ ಮಾಲಕ್ರು ಗ್ವಾಡಿ ಮ್ಯಾಲಿನ ಮೊಳಿ ತೂತು ಎಣಸ್ತಾರ!"

"ಬಿಸಿಲಿಗೆ ಇಟ್ರ ತಾನ ಹೋಗ್ತೈತಣ್ಣಾ," ಎಂದಳು ಪವಿ ಮೆಲ್ಲಗೆ.

"ಬಾತ್‌ರೂಮಿಗೆ ಕಿಟಕೀನ ಇಲ್ಲಲ್ಲ ಮಾರಾಯ್ತಿ! ಟಬ್ ಕಿತ್ತು ಬಾಲ್ಕನ್ಯಾಗ ಇಡ್ಲೇನು?"

"ಅಕಿ ಏನು ಬೇಕಂತ ಮಾಡ್ಯಾಳೇನು?" ಎಂದು ಅವ್ವ ಎದ್ದುಬಂದಳು. ಪವಿ ತಲೆಯೆತ್ತಿ ನೋಡಿದಳು. ಅವ್ವ ಮುಂದುವರಿಸಿದಳು: "ಇಳಾನ ಪಾಠಕ್ಕ ಬೇಕಾಗಿತ್ತು, ಮಾಡ್ಯಾರ. ಅಕಿ ಕೆಲಸಕ್ಕಿಂತ ನಿನ್ನ ಟಬ್ ಹೆಚ್ಚಾತೇನು?"

ಪವಿ ಮತ್ತೆ ತಲೆ ತಗ್ಗಿಸಿ ಟಬ್ಬು ತಿಕ್ಕತೊಡಗಿದಳು.

ಪಾಠದ ದಿನ ಬಂತು. ಇಳಕಲ್ ಸೀರೆ, ಮೇಲೆ ಪ್ರವೀಣನ ಹಳೆಯ ಜಾಕೆಟ್ಟು, ಕಾಲಿಗೆ ಬಿಳಿ ಸ್ಪೋರ್ಟ್ಸ್ ಶೂ. ಹೀಗೆ ಮಹಾಂತಮ್ಮ ಊ-ಬಾನ್ ರೈಲಿನ ಕೊನೆಯ ಸ್ಟೇಷನ್ನಿನಲ್ಲಿ ಇಳಿದು, ಕ್ಯಾಂಪಸ್ಸನ್ನು ಒಮ್ಮೆ ಕಣ್ಣು ತುಂಬ ನೋಡಿ, "ನಮ್ಮ ಇಳಾ ಇಲ್ಲಿ ಬರ್ತಾಳಲ್ಲ ದಿನಾ," ಎಂದಳು, ಇಳಾ ಇಲ್ಲಿಗೆ ಬಂದು ಈ ಕಟ್ಟಡಗಳಿಗೆಲ್ಲ ಉಪಕಾರ ಮಾಡುತ್ತಿದ್ದಾಳೆಂಬಂತೆ.

ಪಾಠದ ಹಾಲ್ ಬಾವಿಯಂತಿತ್ತು. ಬೆಂಚುಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿದಿದ್ದವು, ತಳದಲ್ಲಿ ಉದ್ದನೆಯ ಮೇಜು, ಹಿಂದೆ ಒಂದರ ಮೇಲೊಂದು ಏರಿಳಿಯುವ ಬೋರ್ಡುಗಳು. ಹುಡುಗ ಹುಡುಗಿಯರು ತುಂಬಿಹೋಗಿದ್ದರು.

"ಅತ್ತೆ, ನೀವು ಇಲ್ಲಿ ನಡುವೆ ಕೂತ್ಕೊಳ್ಳಿ, ಚೆನ್ನಾಗಿ ಕಾಣುತ್ತೆ," ಎಂದು ಇಳಾ ಸೀಟು ತೋರಿಸಿದಳು. "ಪವಿ, ನೀನು ಬಾಗಿಲ ಪಕ್ಕದ ಬೆಂಚಲ್ಲಿ ಕೂತ್ಕೋತೀಯಾ? ಧೃತಿ ಗಲಾಟೆ ಮಾಡಿದ್ರೆ ಹೊರಗೆ ಕರ್ಕೊಂಡು ಹೋಗೋಕೆ ಈಸಿ."

ಪವಿ ಬಾಗಿಲ ಪಕ್ಕ ಕೂತಳು.

ಇಳಾ ಶುರುಮಾಡಿದಳು. ಮೈಕು ಕೈಕೊಡಲಿಲ್ಲ. ನಾಲಿಗೆ ತಡವರಿಸಲಿಲ್ಲ. ಧೃತಿಯಿಂದ ಕಲಿತ ನಾಲ್ಕು ಮಾತು ಬಿಟ್ಟರೆ ಜರ್ಮನ್ ಬಾರದಿದ್ದರೂ ಬೋರ್ಡಿನ ಮೇಲೆ ಬಂದದ್ದೆಲ್ಲ ಪವಿಗೆ ಅರ್ಥವಾಗುತ್ತಿತ್ತು. ಇಳಾ ಬಾಣದ ಗುರುತು ಹಾಕುವ ಮೊದಲೇ ಬಾಣದಾಚೆ ಏನು ಬರುತ್ತದೆಂದು ಅವಳ ತುಟಿ ಹೇಳಿಕೊಳ್ಳುತ್ತಿತ್ತು. ತಾನಾದರೆ ಇಲ್ಲಿ ಒಂದು ಉದಾಹರಣೆ ಕೊಡುತ್ತಿದ್ದೆ ಅಂದುಕೊಂಡಳು. ಅಷ್ಟರಲ್ಲಿ ಇಳಾ ಉದಾಹರಣೆ ಕೊಟ್ಟಳು. ತಾನಾದರೆ ಇಲ್ಲಿ ನಿಲ್ಲಿಸಿ ಒಂದು ಪ್ರಶ್ನೆ ಕೇಳುತ್ತಿದ್ದೆ ಅಂದುಕೊಂಡಳು. ಇಳಾ ನಿಲ್ಲಿಸಿ ಕೇಳಿದಳು. ಹುಡುಗರು ನಕ್ಕರು, ಬರೆದುಕೊಂಡರು. ಪಾಠ ಚೆನ್ನಾಗಿತ್ತು. ಅದೇ ಅವಳಿಗೆ ತಡೆಯಲಾಗದ ಸಂಗತಿಯಾಗಿತ್ತು. ಕೆಟ್ಟದಾಗಿದ್ದರೆ ಕರುಣೆಯಾದರೂ ಬರುತ್ತಿತ್ತು.

ಕೊನೆಯಲ್ಲಿ ಇಬ್ಬರು ಹುಡುಗರು ಮೇಜಿನ ಹಿಂದೆ ಹಳದಿ ಬೆಡ್‌ಶೀಟನ್ನು ತೂಗುಹಾಕಿದರು. ಇಳಾ ಸೋಡಾ ನೀರಿನ ಒಂದು ಬಕೀಟು, ನೆಲ ಒರೆಸುವ ಒಂದು ಮಾಪು ಎತ್ತಿಕೊಂಡಳು. ಹಾಲ್ ತುಂಬ ಗುಸುಗುಸು ಎದ್ದಿತು. ಪವಿ ಬೆಂಚಿನ ತುದಿಗೆ ಬಂದು ಕೂತಳು. ತನ್ನ ಕೈಯ ಬಣ್ಣ. ಉಗುರಿನ ಸಂದಿಯಲ್ಲಿ ಇನ್ನೂ ಇದೆ.

"ಇಖ್ ಮುಸ್ ಮಾಲ್," ಎಂದಿತು ಮಗು, ಎರಡೂ ಕಾಲು ಒತ್ತಿಹಿಡಿದು.

"ಒಂದ ನಿಮಿಷ ಪುಟ್ಟಿ. ಮಮ್ಮೀ ಈಗ ಕುಂಕುಮ ಮಾಡ್ತಾಳ, ನೋಡು ಅಲ್ಲಿ."

"ಯೆಟ್ಸ್ಟ್, ಅತ್ತೆ! ಈಗ! ಬರುತ್ತೆ!"

ಬರುತ್ತದೆ ಎಂದು ಕನ್ನಡದಲ್ಲಿ ಹೇಳಿದ ಮೇಲೆ ಕಾಯುವಂತಿರಲಿಲ್ಲ. ಪವಿ ಮಗುವನ್ನು ಎತ್ತಿಕೊಂಡು ಕಾರಿಡಾರಿನಲ್ಲಿ ಓಡಿದಳು.

ಟಾಯ್ಲೆಟ್ಟಿನ ಬಾಗಿಲ ಹಿಂದೆ ಧೃತಿಯ ಪ್ಯಾಂಟಿನ ಗುಂಡಿ ಹಾಕುತ್ತಿದ್ದಾಗ ಆ ಸದ್ದು ಬಂತು. ನೂರಾರು ಮಂದಿ ಹೆಂಗಸರು ಒಟ್ಟಿಗೆ ಕೂತು ರೊಟ್ಟಿ ಬಡಿಯುತ್ತಿದ್ದರೆ ಹೇಗೋ ಹಾಗೆ. ಗೋಡೆಯೇ ದಡದಡ ಅನ್ನುತ್ತಿತ್ತು. ಏನೋ ಕೆಟ್ಟಿತು ಅಂದುಕೊಂಡಳು ಪವಿ, ಮತ್ತು ಎದೆಯಲ್ಲಿ ಒಂದು ಸಣ್ಣ ಸಂತೋಷ ಜಿಗಿದದ್ದನ್ನು ಅವಳೇ ಕಂಡಳು.

"ಮಮ್ಮಿ ಗುಡ್," ಎಂದು ಮಗು ಕೈ ಒದ್ದೆ ಮಾಡಿಕೊಳ್ಳುತ್ತ ಹೇಳಿತು. "ಅದಕ್ಕೇ ತಟ್ತಾರೆ."

ಪವಿ ಬಾಗಿಲು ತಳ್ಳಿ ಒಳಗೆ ಬಂದಾಗ ಇಡೀ ಹಾಲ್ ಬೆರಳ ಗೆಣ್ಣಿನಿಂದ ಬೆಂಚು ಕುಟ್ಟುತ್ತಿತ್ತು. ಆ ಕುಟ್ಟಾಟದ ನಟ್ಟನಡುವೆ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಿದ್ದಳು.

"ಏ ಯಾಕ್ರೋ? ಯಾಕ ಬಡ್ಯಾಕತ್ತೀರಿ ಬೆಂಚು? ನಮ್ಮ ಸೊಸಿ ಅಂದ್ರ ಏನು ತಿಳಕೊಂಡೀರಿ? ಹೆಣ್ಮಗಳೊಬ್ಬಾಕಿ ನಿಂತು ಹೇಳೂವಾಗ ಸುಮ್ಮ ಕುಂದ್ರಾಕ ಬರೂದಿಲ್ಲೇನು ನಿಮಗ? ನಿಮ್ಮವ್ವಗೂ ಹಿಂಗ ಮಾಡ್ತೀರೇನು?"

ಸದ್ದು ಒಮ್ಮೆಲೇ ನಿಂತಿತು. ಪವಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಓಡಿಹೋಗಿ ಅವ್ವನ ಜಾಕೆಟ್ಟು ಜಗ್ಗಿದಳು. "ಅವ್ವಾ, ಕುಂದ್ರು. ಕೈಮುಗೀತೇನಿ, ಕುಂದ್ರು."

"ನೀ ಬಿಡು. ನಿನಗ ಬಾಯಿ ಇಲ್ಲಂತ ನನಗೂ ಇಲ್ಲೇನು?"

ಕೆಳಗಿನಿಂದ ಮೈಕಿನಲ್ಲಿ ಕನ್ನಡ ಮೊಳಗಿತು. "ಅತ್ತೆ, ಅದು ಬೈಯೋದಲ್ಲ! ಇಲ್ಲಿ ಚಪ್ಪಾಳೆ ಬದಲು ಹೀಗೇ ತಟ್ತಾರೆ. ಪಾಠ ಇಷ್ಟ ಆಯ್ತು ಅಂತ!"

ಆಮೇಲೆ ಇಳಾ ನಗುತ್ತ ಜರ್ಮನ್‌ನಲ್ಲಿ ಏನೋ ಹೇಳಿದಳು. ಇಡೀ ಹಾಲ್ ಗೊಳ್ಳೆಂದು ನಕ್ಕಿತು. ಎಲ್ಲರೂ ಹಿಂದಕ್ಕೆ ತಿರುಗಿ, ಈ ಸಲ ಮಹಾಂತಮ್ಮನ ಕಡೆ ಮುಖ ಮಾಡಿ, ಮತ್ತೆ ಬೆಂಚು ಕುಟ್ಟಿದರು. ಮಹಾಂತಮ್ಮ ತಬ್ಬಿಬ್ಬಾಗಿ, ಸೆರಗು ಬಿಚ್ಚಿ ಹೊದ್ದು, ನಾಲ್ಕೂ ದಿಕ್ಕಿಗೆ ಕೈಮುಗಿದಳು.

ಪವಿ ಬೆಡ್‌ಶೀಟಿನ ಕಡೆ ನೋಡಿದಳು. ಕೆಂಪಕ್ಷರ ಬಂದು ಹೋಗಿಯಾಗಿತ್ತು. ವಿನೆಗರ್ ಚಿಮುಕಿಸಿ ಅಳಿಸಿದ್ದರು. ಅವಳು ಟಬ್ಬಿನಿಂದ ಎತ್ತಿದಾಗ ಹೇಗಿತ್ತೋ ಹಾಗೆ, ಬರೀ ಹಳದಿ ಬಟ್ಟೆ ಹನಿಯುತ್ತ ನೇತಾಡುತ್ತಿತ್ತು.

ಹೊರಗೆ ಹುಡುಗರು ಮಹಾಂತಮ್ಮನನ್ನು ಸುತ್ತಿಕೊಂಡು ಸೆಲ್ಫಿ ತೆಗೆದುಕೊಂಡರು. ಮೂಗುತಿಯ ಹುಡುಗಿಯೊಬ್ಬಳು ಪವಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು: ಈ ಪ್ರಯೋಗ ಮನೆಯಲ್ಲಿ ತೋರಿಸಿಕೊಟ್ಟದ್ದು ಈ ಅತ್ತೆಯೇ ಅಂತೆ, ನಮ್ಮ ಟೀಚರ್ ಹೇಳಿದರು. ಎಂಥ ಅದ್ಭುತ ಹೆಂಗಸು! ನೀವು ಅವರ ಮಗಳಾ? ನಿಮಗೂ ಕೆಮಿಸ್ಟ್ರಿ ಇಷ್ಟವಾ?

"ಸ್ವಲ್ಪ," ಎಂದಳು ಪವಿ.

ಅಂದು ರಾತ್ರಿಯ ಊಟದ ಪಾತ್ರೆ ತೊಳೆಯುವಾಗ ಇಳಾ ಪಕ್ಕದಲ್ಲಿ ಬಂದು ನಿಂತಳು. "ಪವಿ, ಬೇಜಾರಾಯ್ತಾ? ನಿನ್ನ ಹೆಸರೇ ಹೇಳೋಣ ಅಂತ ಹಿಂದೆ ನೋಡ್ದೆ. ಬಾಗಿಲ ಹತ್ರ ನೀನಿರಲಿಲ್ಲ. ಅತ್ತೆ ಒಬ್ರೇ ಕಾಣಿಸಿದ್ರು, ಬಾಯಿಗೆ ಅದೇ ಬಂದ್ಬಿಡ್ತು. ಹುಡುಗರಿಗೂ ಸೀರೆ ಉಟ್ಟ ಅತ್ತೆ ಅಂದ್ರೆ ಖುಷಿ ನೋಡು."

"ಇರ್ಲಿ ಬಿಡ್ರಿ ವೈನಿ. ಅದರಾಗೇನೈತಿ."

"ಇಲ್ಲ, ಮುಂದಿನ ಸಲ ಖಂಡಿತ ಹೇಳ್ತೀನಿ."

ಇಳಾ ಮೇಲೆ ಸಿಟ್ಟು ಬರುವಂತಿದ್ದರೆ ಎಷ್ಟು ಹಗುರವಾಗುತ್ತಿತ್ತು. ಅವಳು ಕೇಳಿ ತೆಗೆದುಕೊಂಡಿದ್ದಳು, ಪವಿ ಕೊಟ್ಟಿದ್ದಳು. ಮಗುವನ್ನು ಹೊರಗೆ ಒಯ್ದದ್ದೂ ಪವಿಯೇ. ಲೆಕ್ಕ ಎಲ್ಲ ಸರಿಯಾಗಿತ್ತು, ಉರಿ ಮಾತ್ರ ಆರಲಿಲ್ಲ.

ಆಮೇಲಿನ ವಾರಗಳಲ್ಲಿ ಮನೆಯಲ್ಲಿ ಹೊಸ ರೂಢಿ ಶುರುವಾಯಿತು. ಇಳಾ ಏನು ಮಾಡಿದರೂ ಮಹಾಂತಮ್ಮ ಟೇಬಲ್ಲು ಕುಟ್ಟುವಳು. ಇಳಾ ಬಿಸಿಬೇಳೆಬಾತ್ ಮಾಡಿದಳು, ಟಕಟಕ. ಇಳಾ ಹೊಸ ಚಪ್ಪಲಿ ತಂದಳು, ಟಕಟಕ. ಅಜ್ಜಿಯನ್ನು ನೋಡಿ ಮೊಮ್ಮಗಳೂ ಕುಟ್ಟುವಳು. ಪ್ರವೀಣ, "ಏ ಅವ್ವಾ, ಐಕಿಯಾ ಟೇಬಲ್ ಅದು, ಮುರದೀತು," ಎಂದು ನಗುವನು. ವಾರಕ್ಕೆ ಆರು ದಿನ ಪವಿ ಮಾಡುವ ರೊಟ್ಟಿಗೆ ಯಾರೂ ಕುಟ್ಟಲಿಲ್ಲ. ಏಳನೆಯ ದಿನ ಭಾನುವಾರ ರೊಟ್ಟಿಯೇ ಇಲ್ಲ. ರಜೆಯ ದಿನ ಸದ್ದು ಮಾಡಬಾರದೆಂದು ಕೆಳಗಿನ ಮನೆಯ ಫ್ರಾವ್ ಲೆಹ್ನರ್ ಒಮ್ಮೆ ಪೊರಕೆಯ ಹಿಡಿಯಿಂದ ತನ್ನ ಚಾವಣಿ ಬಡಿದು ಎಚ್ಚರಿಸಿದ್ದಳು. ತನ್ನ ರೊಟ್ಟಿಗೆ ಸಿಕ್ಕ ಕುಟ್ಟಾಟ ಅದೊಂದೇ ಎಂದು ಪವಿ ಅಂದುಕೊಂಡಳು. ನಗು ಬರಲಿಲ್ಲ.

ಫೋನಿನಲ್ಲಿ ಅರಿಷಿಣದ ಕಥೆಯೂ ಬೆಳೆಯಿತು. ಮೊದಲು ಗದಗಿನ ಅಪ್ಪನಿಗೆ, ಆಮೇಲೆ ಅವ್ವನ ಅಕ್ಕ ಗಂಗವ್ವನಿಗೆ.

"ಹೌದವಾ ಗಂಗಕ್ಕಾ, ನಾನ ಹೇಳಿಕೊಟ್ಟೆ. ಅರಿಷಿಣಕ್ಕ ಸೋಡಾ ತಾಗಿದ್ರ ಕುಂಕುಮಾ ಆಗ್ತೈತಿ ಅಂತ ನಮ್ಮವ್ವ ಹೇಳ್ತಿರಲಿಲ್ಲೇನು? ಅದನ್ನ ಹೇಳಿದೆ. ಅಷ್ಟ ಹುಡುಗ್ರು ಎದ್ದು ನಿಂತು ನನಗ ಸಲಾಮು ಹೊಡದ್ರು."

ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಪವಿ, "ಯಾರೂ ಎದ್ದು ನಿಂತಿರಲಿಲ್ಲವ್ವಾ," ಎಂದಳು.

"ನೀ ಎಲ್ಲಿದ್ದಿ ಆವಾಗ? ಪಾಯಖಾನ್ಯಾಗಿದ್ದಿ," ಎಂದು ಅವ್ವ ಫೋನಿಗೆ ಕೈ ಅಡ್ಡ ಹಿಡಿದು ಗದರಿದಳು. ಮತ್ತೆ ಫೋನಿಗೆ: "ಏನಿಲ್ಲ, ಪವಿ. ಅಕಿಗೇನು ಗೊತ್ತಾಗ್ತೈತಿ."

ಜುಲೈ ಹೊತ್ತಿಗೆ ಧಾರವಾಡದಿಂದ ವೆಂಕಟಲಕ್ಷ್ಮಮ್ಮ ಮೇಡಂ ಫೋನ್ ಮಾಡಿದರು. ಪವಿ ಎಂ.ಎಸ್ಸಿ. ಪ್ರಾಜೆಕ್ಟು ಮಾಡಿದ್ದು ಅವರ ಕೈಕೆಳಗೆ. ಪವಿ ಫೋನು ಹಿಡಿದು ಬಾಲ್ಕನಿಗೆ ಹೋದಳು.

"ಪಿಎಚ್‌.ಡಿ. ಇಂಟರ್ವ್ಯೂ ಡೇಟ್ ಬಂದದ. ನನ್ನ ಹತ್ರ ಒಂದ ಸೀಟು. ನಿನ್ನ ಅರ್ಜಿ ಮ್ಯಾಲ ಇಟ್ಟೀನಿ. ಖುದ್ದ ಬರಬೇಕು, ಆನ್‌ಲೈನ್ ಇಲ್ಲ. ನೀ ಎಲ್ಲಿದ್ದಿ, ಇನ್ನೂ ಅಣ್ಣನ ಮನ್ಯಾಗ ಏನು?"

"ಹೌದ್ರಿ ಮೇಡಂ."

"ಬರ್ತೀಯಿಲ್ಲೋ? ನೀ ಬರಲಿಲ್ಲಂದ್ರ ಬ್ಯಾರೆಯವರಿಗೆ ಕೊಡಬೇಕಾಗ್ತದ. ಮನ್ಯಾಗ ಕೇಳಿ ಹೇಳು. ಗಟ್ಟಿಯಾಗಿ ಕೇಳು, ನಿನ್ನ ದನಿ ನನಗ ಗೊತ್ತದ."

ಇಂಟರ್ವ್ಯೂಗೆ ಹೋಗಬೇಕಾದರೆ ಅವ್ವನ ಟಿಕೆಟ್ಟಿನ ದಿನಕ್ಕಿಂತ ಎರಡು ವಾರ ಮೊದಲೇ ಹೊರಡಬೇಕು. ಅಂದರೆ ಅವ್ವ ಒಬ್ಬಳೇ ಹಿಂತಿರುಗಬೇಕು. ಅಂದರೆ ಸೆಮಿಸ್ಟರಿನ ಕೊನೆಯ ಪಾಠಗಳ ಹೊತ್ತಿಗೆ ಧೃತಿಯ ಹಿಂದೆ ಓಡುವವರಿಲ್ಲ. ಪವಿ ಬುಧವಾರ ಹೇಳೋಣವೆಂದು ಬಾಯಿ ತೆರೆದಳು. ಅವ್ವ ಇಳಾಳ ಕಾಲಿಗೆ ಎಣ್ಣೆ ಬಿಸಿಮಾಡಲು ಹೇಳಿದಳು. ಶುಕ್ರವಾರ ಮತ್ತೆ ತೆರೆದಳು. ಅಣ್ಣ ಆಫೀಸಿನ ಮೇಲಿನ ಸಿಟ್ಟಿನಲ್ಲಿದ್ದ.

ಭಾನುವಾರದ ಊಟ. ಅನ್ನ, ಹೆಸರುಬೇಳೆ ಸಾರು, ಹುರಿದ ಬೆಂಡೆಕಾಯಿ. ಇಳಾ ಅಂದು ಗೆಲುವಾಗಿದ್ದಳು.

"ಅತ್ತೆ, ಒಂದು ಸುದ್ದಿ. ಕ್ಯಾಂಪಸ್ಸಲ್ಲಿ ಓಪನ್ ಡೇ ಇದೆ. ಊರಿನ ಮಕ್ಕಳೆಲ್ಲ ಬರ್ತಾರೆ. ನಮ್ಮ ಡಿಪಾರ್ಟ್‌ಮೆಂಟಿಂದ ಅರಿಷಿಣದ ಪ್ರಯೋಗ ಮಾಡಿ ಅಂತ ಕೇಳಿದಾರೆ. ನಿಮ್ಮನ್ನೂ ಸ್ಟೇಜಿಗೆ ಕರೀಬೇಕಂತೆ!"

ಮಹಾಂತಮ್ಮ ಕೈಯ ತುತ್ತು ತಟ್ಟೆಗೆ ಹಾಕಿ ಎಡಗೈಯಿಂದ ಟೇಬಲ್ಲು ಕುಟ್ಟಿದಳು. "ಹಸರು ಸೀರಿ ಉಡ್ಲ್ಯೋ, ಇಳಕಲ್ಲ ಉಡ್ಲ್ಯೋ?"

"ಪವಿ, ಈ ಸಲ ಮೂರು ಬೆಡ್‌ಶೀಟ್ ಬೇಕಾಗುತ್ತೆ ಕಣೆ."

"ಮೂರಾ?" ಪ್ರವೀಣ ಚಮಚ ಕೆಳಗಿಟ್ಟ. "ಇಳಾ, ಟಬ್ ಇನ್ನೂ ಹಳದಿ ಐತಿ. ವಿನೆಗರ್ ಹಾಕಿದೆ, ಬ್ಲೀಚ್ ಹಾಕಿದೆ. ಮನಿ ಬಿಡೂವಾಗ ಡೆಪಾಸಿಟ್ ಪೂರಾ ಹೋಗ್ತೈತಿ."

"ಲ್ಯಾಬಲ್ಲಿ ಅಷ್ಟು ದೊಡ್ಡ ತೊಟ್ಟಿ ಇಲ್ಲ ಪ್ರವೀಣ. ಒಂದು ದಿನದ ಕೆಲಸ."

"ಯಾವ ದಿನಾ ರೀ ಅದು?" ಎಂದಳು ಪವಿ. ಇಳಾ ಹೇಳಿದಳು. ಇಂಟರ್ವ್ಯೂನ ವಾರವೇ. "ಆವಾಗ ನಾ ಇರೂದಿಲ್ಲ," ಎಂದಳು ಪವಿ.

ಯಾರಿಗೂ ಕೇಳಿಸಲಿಲ್ಲ.

"ಒಂದ ದಿನದ ಕೆಲಸ, ವರ್ಷಗಟ್ಟಲೆ ಕಲೆ!" ಎಂದ ಪ್ರವೀಣ.

"ನಿನಗ ಹೆಂಡ್ತಿ ಮ್ಯಾಲ ಬರ್ತಾಳಂದ್ರ ಹೊಟ್ಟ್ಯಾಗ ಸಂಕಟ ಆಗ್ತೈತೇನ್ಲೇ?"

"ಅವ್ವಾ, ನಾ ಟಬ್ಬಿಂದ ಮಾತಾಡಾಕತ್ತೇನಿ!"

"ಓಮಾ ಲೌಟ್! ಪಾಪಾ ಲೌಟ್!" ಎಂದು ಮಗು ಅಜ್ಜಿಯ, ಅಪ್ಪನ ಕೂಗಾಟಕ್ಕೆ ಕಿವಿ ಮುಚ್ಚಿಕೊಂಡಿತು.

"ಆವಾಗ ನಾ ಇರೂದಿಲ್ಲ," ಎಂದಳು ಪವಿ ಮತ್ತೊಮ್ಮೆ. ಅವ್ವ ಅವಳ ಕಡೆ ಸಾರಿನ ಪಾತ್ರೆ ಸರಿಸಿ, "ಇಳಾಗ ಹಾಕು," ಎಂದಳು.

ಪವಿ ಪಾತ್ರೆ ಮುಟ್ಟಲಿಲ್ಲ. ಮುಷ್ಟಿ ಕಟ್ಟಿ ಟೇಬಲ್ಲಿನ ಮೇಲೆ ಕುಟ್ಟಿದಳು. ಎರಡು ಸಲ, ಮೂರು ಸಲ, ಲೋಟದ ನೀರು ತುಳುಕುವಂತೆ.

ಎಲ್ಲರೂ ಗಪ್ಪಾಗಿ ನೆಲ ನೋಡಿದರು. ಪ್ರವೀಣ ದನಿ ಇಳಿಸಿ, "ಲೆಹ್ನರ್. ನೋಡ್ರಿ, ಭಾನುವಾರ ಒದರಿದ್ರ ಹಿಂಗ," ಎಂದ.

"ನಾನಣ್ಣಾ. ನಾ ಬಡದಿದ್ದು," ಎಂದಳು ಪವಿ. "ನನಗ ಧಾರವಾಡದಾಗ ಪಿಎಚ್‌.ಡಿ. ಇಂಟರ್ವ್ಯೂ ಐತಿ. ನಾ ಊರಿಗೆ ಹೋಗ್ತೇನಿ. ಬೆಡ್‌ಶೀಟ್ ಅದ್ದೂದಿಲ್ಲ."

ಮೊದಲು ಮಾತು ಬಂದದ್ದು ಇಳಾಗೆ. "ಪವಿ! ಯಾವಾಗ ಗೊತ್ತಾಯ್ತು? ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರ ನೀವು ಖುಷಿಯಿಂದ ಹೋಗು ಅಂತಿದ್ರಿ ವೈನಿ. ನಿಮ್ಮ ಕಡಿಂದ ಅದೂ ಒಂದು ಉಪಕಾರ ತಗೊಳ್ಳೂದು ನನಗ ಬ್ಯಾಡಾಗಿತ್ತು."

ಇಳಾಳ ಮುಖ ಬಿಳಿಚಿತು. ಮಹಾಂತಮ್ಮ ತಟ್ಟೆ ಹಿಂದಕ್ಕೆ ನೂಕಿದಳು. "ಏನ್ ಮಾತಂತ ಆಡ್ತಿ? ನಾ ಒಬ್ಬಾಕೀ ಇಮಾನದಾಗ ಹೆಂಗ ಬರ್ಲಿ? ಕೂಸಿನ್ನ ಯಾರ್ ನೋಡ್ತಾರ? ಇಂಟರ್ವ್ಯೂ ಮುಂದಿನ ವರ್ಷಾ ಬರ್ತೈತಿ. ಇಳಾನ ಪಾಠ..."

"ನಿನ್ನ ವ್ಹೀಲ್‌ಚೇರ್‌ನ್ಯಾಗ ಕುಂದ್ರಿಸಿ ಬೆಂಗಳೂರ ತನಕಾ ಮುಟ್ಟಸ್ತಾರವ್ವಾ. ಅಪ್ಪ ಅಲ್ಲಿಗೆ ಬರ್ತಾನ. ಕೇಳೇನಿ."

"ಎಲ್ಲಾ ಕೇಳಿ ಇಟ್ಟಾಳ ನೋಡ್ರಿ! ಇಷ್ಟು ದಿನಾ ಬಾಯಾಗ ಬೆಲ್ಲಾ ಇಟ್ಟುಕೊಂಡಾಕೀಗೆ ಇವತ್ತ ಎಲ್ಲಿಂದ ಬಂತು ಮಾತು? ನಾ ಕಾಣಾಕತ್ತಿಲ್ಲೇನು? ಅಕಿ ಪಾಠ ಮಾಡಿದ ದಿನದಿಂದ ಮಾರಿ ಗಂಟ ಹಾಕ್ಕೊಂಡ ಅಡ್ಡಾಡಾಕತ್ತಿ. ಇಳಾನ ಕಂಡ್ರ ಹೊಟ್ಟಿಕಿಚ್ಚೇನ ನಿನಗ?"

ಅಲ್ಲ ಎನ್ನುವ ಮಾತು ಅಭ್ಯಾಸದಿಂದ ತುದಿನಾಲಿಗೆಗೆ ಬಂದೇ ಬಂತು. ಇರ್ಲಿ ಬಿಡವ್ವಾ ಎಂಬುದೂ ಅದರ ಬೆನ್ನಿಗೇ ಬಂತು. ಪವಿ ಎರಡನ್ನೂ ನುಂಗಿದಳು.

"ಹೌದು," ಎಂದಳು. ದನಿ ಟೇಬಲ್ಲಿನ ಆ ತುದಿಯವರೆಗೂ ಕೇಳಿಸಿತು. "ಹೊಟ್ಟಿಕಿಚ್ಚು ಐತಿ. ವೈನಿ ಪಾಠದ ಮ್ಯಾಲಲ್ಲ. ಅಂಥಾ ಪಾಠ ನಾನೂ ಮಾಡ್ತೇನಿ. ಆವತ್ತು ಅವರ ಸಲುವಾಗಿ ನೀ ಎದ್ದು ನಿಂತಿದ್ದಿಯಲ್ಲ, ಅದರ ಮ್ಯಾಲ. ನಾ ಪಾಠ ಮಾಡೂ ದಿನಾನೂ ನೀ ಬಂದು ಕುಂದ್ರಬೇಕವ್ವಾ. ಅವತ್ತ ಯಾರದರ ಕುಬಸಾ ಇದ್ರೂ."